ಇಸಿಎಲ್‌ಜಿಎಸ್ ಸಾಲ: ವಿಮಾನದ ಬ್ಯಾಟರಿ ರಿಪೇರಿ ಶೆಡ್‌ನಿಂದ ಒಂದು ರಿವ್ಯೂ

ವಿಮಾನದ ಟೈರ್ ಸವೆಯುವುದು ಇಳಿಯುವಾಗ. ನಮ್ಮ ಮನೆ ನಡೆಯುವುದೂ ಆ ಸವೆತದಿಂದಲೇ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಿಂದ ಸ್ಕೂಟರ್‌ನಲ್ಲಿ ಹತ್ತು ನಿಮಿಷ ಹೋದರೆ ನಮ್ಮ ಸಣ್ಣ ವರ್ಕ್‌ಶಾಪ್ ಸಿಗುತ್ತದೆ. ಸಣ್ಣ ವಿಮಾನ, ಹೆಲಿಕಾಪ್ಟರ್‌ಗಳ ಚಕ್ರ, ಬ್ರೇಕ್, ಬ್ಯಾಟರಿ ನೋಡುತ್ತೇವೆ, ಅಷ್ಟೇ. ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೊಡುವ ಸಿಎಆರ್-145 ಎಂಬ ರಿಪೇರಿ ಅನುಮತಿ ಇದೆ. ಮಾವ ಎಚ್‌ಎಎಲ್‌ನಿಂದ ರಿಟೈರ್ ಆದ ಮೇಲೆ ಶುರು ಮಾಡಿದ್ದು. ಈಗ ಬೆಂಚ್ ಕೆಲಸ ಯಜಮಾನರದು, ಲೆಕ್ಕಪತ್ರ ನನ್ನದು. ನಾವಿಬ್ಬರು ಬಿಟ್ಟು ಒಂಬತ್ತು ಜನ ಕೆಲಸಕ್ಕಿದ್ದಾರೆ.

ಕೊರೊನಾ ಹೊತ್ತಿನಲ್ಲಿ ಕೇಂದ್ರ ಸರ್ಕಾರ ತಂದ ತುರ್ತು ಸಾಲ ಖಾತರಿ ಯೋಜನೆಯನ್ನು ನಾವು ಬಳಸಿದೆವು. ಬ್ಯಾಂಕಿನವರು ಅದನ್ನು ಇಸಿಎಲ್‌ಜಿಎಸ್ ಅನ್ನುತ್ತಾರೆ. ಸಾಲ ತೀರಿ, ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಪತ್ರವೂ ಕೈಗೆ ಬಂದಾಗಿದೆ. ಬಳಸಿ ಮುಗಿಸಿದ ಮೇಲೆ ಬರೆಯುವುದೇ ಸರಿ ಅಂತ ಈಗ ಬರೆಯುತ್ತಿದ್ದೇನೆ. ಐದಕ್ಕೆ ಮೂರು ಸ್ಟಾರ್. ನಮ್ಮ ಪಕ್ಕದ ಶೆಡ್‌ನವರನ್ನು ಕೇಳಿದರೆ ಒಂದೂ ಕೊಡುವುದಿಲ್ಲ. ಅವರ ವಿಷಯ ಮುಂದೆ ಹೇಳುತ್ತೇನೆ.

2020ರ ಮಾರ್ಚ್ 25ಕ್ಕೆ ದೇಶದೊಳಗಿನ ಪ್ರಯಾಣಿಕರ ವಿಮಾನಗಳೆಲ್ಲ ನಿಂತವು. ಮೇ 25ಕ್ಕೆ ಮತ್ತೆ ಶುರುವಾದಾಗಲೂ ಮೊದಲಿನ ಮೂರನೇ ಒಂದು ಭಾಗಕ್ಕಷ್ಟೇ ಅನುಮತಿ. ನಮ್ಮ ಗಿರಾಕಿಗಳು ಫ್ಲೈಯಿಂಗ್ ಸ್ಕೂಲ್‌ನವರು, ಚಾರ್ಟರ್ ಕಂಪನಿಯವರು. ಅವರದೂ ಬಾಗಿಲು ಮುಚ್ಚಿತು. ನಿಂತ ವಿಮಾನಕ್ಕೂ ಆರೈಕೆ ಬೇಕು. ಟೈರ್ ಒಂದೇ ಕಡೆ ಚಪ್ಪಟೆಯಾಗದಂತೆ ಆಗಾಗ ಚಕ್ರ ಉರುಳಿಸಬೇಕು, ಬ್ಯಾಟರಿ ಬಿಚ್ಚಿಟ್ಟು ಚಾರ್ಜ್ ನೋಡಿಕೊಳ್ಳಬೇಕು. ಆದರೆ ಉರುಳಿಸುವ ಕೆಲಸಕ್ಕೆ ಯಾರು ಬಿಲ್ ಕೊಡುತ್ತಾರೆ? ಏಪ್ರಿಲ್‌ನಲ್ಲಿ ನಾನು ಬರೆದ ಬಿಲ್ ಎರಡೇ. ಎರಡೂ ಹೆಲಿಕಾಪ್ಟರ್ ಬ್ಯಾಟರಿಯವು. ಇಪ್ಪತ್ತು ಸೆಲ್, ಒಂದೊಂದರ ವೋಲ್ಟೇಜ್ ಅಳೆದು ಬರೆಯುವ ಕೆಲಸ. ಯಜಮಾನರು ಆ ಎರಡು ಬ್ಯಾಟರಿಯನ್ನು ಕೂಸು ನೋಡಿಕೊಂಡ ಹಾಗೆ ನೋಡಿಕೊಂಡರು. ಬೇರೆ ಕೆಲಸ ಇರಬೇಕಲ್ಲ!

ತಿಂಗಳ ಸಂಬಳ 3.1 ಲಕ್ಷ. ಜೊತೆಗೆ ಶೆಡ್ ಬಾಡಿಗೆ.

ಮೇ 13ಕ್ಕೆ ಹಣಕಾಸು ಸಚಿವೆ ಟಿವಿಯಲ್ಲಿ 3 ಲಕ್ಷ ಕೋಟಿಯ ಸಾಲ ಯೋಜನೆ ಹೇಳಿದರು. ಮನೆಯಲ್ಲಿ ಎಲ್ಲರಿಗೂ ಖುಷಿ, ಸರ್ಕಾರ ದುಡ್ಡು ಕೊಡುತ್ತದೆ ಅಂತ. ಸರ್ಕಾರ ಕೊಟ್ಟಿದ್ದು ಜಾಮೀನು ಅಂತ ಗೊತ್ತಾಗಿದ್ದು ಆಮೇಲೆ. ದುಡ್ಡು ಬ್ಯಾಂಕಿನದೇ. ನಾವು ಕಟ್ಟದೇ ಹೋದರೆ ಎನ್‌ಸಿಜಿಟಿಸಿ ಎಂಬ ಸರ್ಕಾರಿ ಕಂಪನಿ ಬ್ಯಾಂಕಿಗೆ ನೂರಕ್ಕೆ ನೂರು ತುಂಬಿಕೊಡುತ್ತದೆ. ನಮ್ಮ ತಲೆ ಮೇಲಿನ ಸಾಲ ಅದರಿಂದ ಇಳಿಯುವುದಿಲ್ಲ. ಇದನ್ನು ಮಾವನಿಗೆ ಅರ್ಥ ಮಾಡಿಸಲು ನನಗೆ ಒಂದು ವಾರ ಬೇಕಾಯಿತು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಅರ್ಜಿ ಹಿಡಿದುಕೊಂಡು ನಾವು ಓಡಾಡಲಿಲ್ಲ. ಜೂನ್‌ನಲ್ಲಿ ಬ್ಯಾಂಕಿನಿಂದಲೇ ಮೆಸೇಜ್ ಬಂತು, ನಿಮಗೆ ಇಷ್ಟು ಸಾಲ ಸಿದ್ಧವಿದೆ, ಬೇಡವಾದರೆ ಹೇಳಿ ಅಂತ. ಪ್ರೊಸೆಸಿಂಗ್ ಫೀ ಇಲ್ಲ. ಹೊಸದಾಗಿ ಏನನ್ನೂ ಅಡ ಇಡಬೇಕಿಲ್ಲ. ಬಡ್ಡಿ ಬ್ಯಾಂಕಿನಲ್ಲಾದರೆ 9.25ರ ಮೇಲೆ ಹೋಗುವಂತಿಲ್ಲ, ಫೈನಾನ್ಸ್ ಕಂಪನಿಯಲ್ಲಾದರೆ 14. ನಮಗೆ 8.5ಕ್ಕೆ ಸಿಕ್ಕಿತು. ಅದಕ್ಕಿಂತ ಕಮ್ಮಿ ಬಡ್ಡಿಗೆ ನಾವು ಯಾವತ್ತೂ ಸಾಲ ತೆಗೆದವರಲ್ಲ. ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಬರೀ ಬಡ್ಡಿ. ಸಹಿ ಹಾಕಿದ ಒಂಬತ್ತನೇ ದಿನ ದುಡ್ಡು ಖಾತೆಯಲ್ಲಿತ್ತು. ಲಾಕ್‌ಡೌನ್ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸಹಿ ಹಾಕುವ ದಿನ ಬ್ಯಾಂಕಿನ ಹುಡುಗ ಜೊತೆಗೊಂದು ಇನ್ಶೂರೆನ್ಸ್ ಪಾಲಿಸಿ ತಳ್ಳಲು ನೋಡಿದ. “ಮೇಡಂ, ಇದನ್ನೂ ಮಾಡಿಸಿದರೆ ಫೈಲ್ ಬೇಗ ಮೂವ್ ಆಗುತ್ತೆ” ಅಂದ. “ಯೋಜನೆಯ ಯಾವ ಪುಟದಲ್ಲಿದೆ ತೋರಿಸಪ್ಪಾ” ಅಂದೆ. ಸುಮ್ನೆ ನಕ್ಕ. ಫೈಲ್ ಬೇಗನೇ ಮೂವ್ ಆಯಿತು.

ಈಗ ತಕರಾರು. ಎಷ್ಟು ಸಾಲ ಕೊಡಬೇಕು ಅಂತ ಲೆಕ್ಕ ಹಾಕಿದ ರೀತಿ ನೋಡಿ. 2020ರ ಫೆಬ್ರವರಿ 29ಕ್ಕೆ ನಿಮ್ಮ ಸಾಲ ಎಷ್ಟು ಬಾಕಿ ಇತ್ತೋ, ಅದರ ಶೇ. 20. ಎಷ್ಟು ವ್ಯಾಪಾರ ಕಳೆದುಕೊಂಡಿರಿ, ಎಷ್ಟು ಜನರಿಗೆ ಸಂಬಳ ಕೊಡಬೇಕು ಅಂತ ಯಾರೂ ಕೇಳಲಿಲ್ಲ. ಸಾಲ ಎಷ್ಟಿದೆ ಅನ್ನೋದೊಂದೇ ಪ್ರಶ್ನೆ.

ನಮ್ಮ ಸಾಲದ ಕಥೆ ಹೀಗಿದೆ. 2018ರಲ್ಲಿ ಹೊಸ ಬ್ಯಾಟರಿ ಟೆಸ್ಟ್ ಬೆಂಚ್ ತರಲು ಯಜಮಾನರು ಟರ್ಮ್ ಲೋನ್ ತೆಗೆದರು. ಮಾವ ಒಂದು ತಿಂಗಳು ಮಾತು ಬಿಟ್ಟಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವ ಕಾಲದವರು ಅವರು. ಅವರಿಗೆ ಸಮಾಧಾನ ಆಗಲಿ ಅಂತ 2020ರ ಫೆಬ್ರವರಿ 20ಕ್ಕೆ, ಒಂದು ಹಳೇ ಬಿಲ್ ಬಂದ ದುಡ್ಡಲ್ಲಿ, ಐದು ಲಕ್ಷ ಮುಂಚಿತವಾಗಿ ಕಟ್ಟಿಬಿಟ್ಟೆವು. 43 ಲಕ್ಷ ಇದ್ದ ಬಾಕಿ 38ಕ್ಕೆ ಇಳಿಯಿತು. ಅದರ ಶೇ. 20 ಅಂದರೆ 7.6 ಲಕ್ಷ. ಒಂಬತ್ತು ದಿನ ಸುಮ್ಮನಿದ್ದಿದ್ದರೆ 8.6 ಲಕ್ಷ ಸಿಗುತ್ತಿತ್ತು. ಸಾಲ ಬೇಗ ತೀರಿಸಲು ಹೋಗಿದ್ದಕ್ಕೆ ಒಂದು ಲಕ್ಷ ಖೋತಾ. ಹೇಗಿದೆ?

ನಮ್ಮ ಪಕ್ಕದ ಶೆಡ್‌ನವರು ಸಣ್ಣ ವಿಮಾನಗಳ ಸೀಟ್ ಹೊಲಿಯುತ್ತಿದ್ದರು. ಬೆಂಕಿ ಬೇಗ ಹತ್ತದ ಬಟ್ಟೆ, ಅದಕ್ಕೆ ಸರ್ಟಿಫಿಕೇಟ್, ಹೊಲಿಗೆಗೆ ಬೇರೆ ದಾರ. ಕೈ ಎಷ್ಟು ಚೊಕ್ಕ ಅಂದರೆ ಹೊಲಿಗೆ ಎಲ್ಲಿ ಮುಗಿಯಿತು ಅಂತ ಹುಡುಕಬೇಕು. ಹದಿನೈದು ವರ್ಷದಲ್ಲಿ ಒಂದು ರೂಪಾಯಿ ಬ್ಯಾಂಕ್ ಸಾಲ ಮಾಡಿದವರಲ್ಲ. ಮಾವ ನಮಗೆ ಉದಾಹರಣೆ ಕೊಡುತ್ತಿದ್ದದ್ದೇ ಅವರದು. ಸಾಲ ಸೊನ್ನೆ, ಸೊನ್ನೆಯ ಶೇ. 20 ಸೊನ್ನೆ. ಅವರು ಬ್ಯಾಂಕಿಗೆ ಎರಡು ಸಲ ಹೋಗಿ ಬಂದರು. ಕೊನೆಗೆ ಮನೆಯವರ ಬಳೆ ಅಡ ಇಟ್ಟು ಇಬ್ಬರು ಟೈಲರ್‌ಗಳಿಗೆ ನಾಲ್ಕು ತಿಂಗಳು ಸಂಬಳ ಕೊಟ್ಟರು. ಆಮೇಲೆ ಆಗಲಿಲ್ಲ. ಈಗ ಹೆಣ್ಣೂರು ಕಡೆ ಕಾರಿನ ಸೀಟ್ ಕವರ್ ಹೊಲಿಯುತ್ತಾರೆ.

ಮೈದುನ ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಫ್ಲೈಯಿಂಗ್ ಸ್ಕೂಲ್‌ನಲ್ಲಿ ಇನ್‌ಸ್ಟ್ರಕ್ಟರ್. ಅಲ್ಲಿ ಪೇಚೆಕ್ ಪ್ರೊಟೆಕ್ಷನ್ ಅಂತ ಒಂದು ಯೋಜನೆ ಬಂತು. ಸರಾಸರಿ ತಿಂಗಳ ಸಂಬಳದ ಎರಡೂವರೆ ಪಟ್ಟು ಸಾಲ. ಅದರಲ್ಲಿ ಶೇ. 60ನ್ನಾದರೂ ಸಂಬಳಕ್ಕೆ ಖರ್ಚು ಮಾಡಿ ಮಿಕ್ಕ ನಿಯಮವನ್ನೂ ಪಾಲಿಸಿದರೆ ಸಾಲವೇ ಮನ್ನಾ. “ಅತ್ತಿಗೆ, ನಮ್ಮ ಸ್ಕೂಲ್‌ನವರು ಏನೂ ವಾಪಸ್ ಕಟ್ಟಲಿಲ್ಲ” ಅಂದ. ಆ ಲೆಕ್ಕವನ್ನು ನಮಗೆ ಹಾಕಿ ನೋಡಿದೆ: 3.1 ಲಕ್ಷದ ಎರಡೂವರೆ ಪಟ್ಟು, 7.75 ಲಕ್ಷ. ನಮಗೆ ಸಿಕ್ಕಿದ್ದಕ್ಕೂ ಅದಕ್ಕೂ ಹದಿನೈದು ಸಾವಿರದ ವ್ಯತ್ಯಾಸ! ಆದರೆ ಆ ಲೆಕ್ಕದಲ್ಲಿ ಪಕ್ಕದ ಶೆಡ್‌ನ ಇಬ್ಬರು ಟೈಲರ್‌ಗಳೂ ಸೇರುತ್ತಿದ್ದರು. ಅಮೆರಿಕದ ಖಜಾನೆಗೂ ನಮ್ಮದಕ್ಕೂ ಹೋಲಿಕೆ ಮಾಡಬಾರದು, ಒಪ್ಪುತ್ತೇನೆ. ಮನ್ನಾ ಬೇಕಿರಲಿಲ್ಲ. ಅಳತೆಗೋಲಾದರೂ ಸಂಬಳದ್ದು ಇರಬಹುದಿತ್ತು.

ಇನ್ನೊಂದು ಉರಿ ಇದೆ. ಒಂದು ಚಾರ್ಟರ್ ಕಂಪನಿ ಆ ಹೊತ್ತಿಗೆ ನಮಗೆ 11 ಲಕ್ಷ ಬಾಕಿ ಇಟ್ಟಿತ್ತು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನೇ ಇದೆ. ದೂರು ಕೊಡಲು ಸಮಾಧಾನ್ ಅಂತ ಪೋರ್ಟಲ್ ಇದೆ. ಆದರೆ ಇರುವ ಹತ್ತು ಗಿರಾಕಿಯಲ್ಲಿ ಒಬ್ಬರ ಮೇಲೆ ದೂರು ಕೊಟ್ಟರೆ ಮಿಕ್ಕವರು ಏನಂದುಕೊಳ್ಳುತ್ತಾರೆ? ಕೊಡಲಿಲ್ಲ. ನಾವು ಬ್ಯಾಂಕಿಗೆ ಕೊಡಬೇಕಾದದ್ದು ಪರಿಹಾರದ ಲೆಕ್ಕಕ್ಕೆ ಬಂತು, ನಮಗೆ ಬರಬೇಕಾದದ್ದು ಬರಲೇ ಇಲ್ಲ. ಆ 11 ಲಕ್ಷ ಬಂದಿದ್ದರೆ ನಮಗೆ ಸಾಲವೇ ಬೇಕಿರಲಿಲ್ಲ. ಅದು ಬಂದಿದ್ದು 2022ರಲ್ಲಿ, ಮೂರು ಕಂತಿನಲ್ಲಿ, ಬಡ್ಡಿ ಇಲ್ಲದೆ.

ಚಿಲ್ಲರೆ ಪರಿಹಾರಗಳೂ ಇದ್ದವು. ಆರ್‌ಬಿಐ ಆರು ತಿಂಗಳು ಕಂತು ಮುಂದೂಡಲು ಬಿಟ್ಟಿತು. ಮುಂದೂಡಿದ ಬಡ್ಡಿಯ ಮೇಲೆ ಬಿದ್ದ ಬಡ್ಡಿಯನ್ನು ಎರಡು ಕೋಟಿವರೆಗಿನ ಸಾಲಗಾರರಿಗೆ ಸರ್ಕಾರ ವಾಪಸ್ ಕೊಟ್ಟಿತು. ನಮಗೆ ಬಂದದ್ದು ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ. ವಿಮಾನ ರಿಪೇರಿಯ ಜಿಎಸ್‌ಟಿ 2020ರ ಏಪ್ರಿಲ್‌ನಿಂದ 18ರಿಂದ 5ಕ್ಕೆ ಇಳಿಯಿತು. ಅದು ಕೊರೊನಾಗೆ ಅಂತ ಮಾಡಿದ್ದಲ್ಲ, ಆದರೂ ಗಿರಾಕಿಗಳು ಖುಷಿಪಟ್ಟರು. ನನಗೆ ಮಾತ್ರ ತಲೆನೋವು ಜಾಸ್ತಿ. ಬಾಡಿಗೆ, ಕೊರಿಯರ್, ಆಡಿಟರ್ ಫೀಸು ಎಲ್ಲಕ್ಕೂ ಶೇ. 18 ಕಟ್ಟಿ, ಬಿಲ್‌ನಲ್ಲಿ 5 ಹಾಕುತ್ತೇವೆ. ವಸ್ತು ಕೊಂಡಾಗ ಕಟ್ಟಿದ ತೆರಿಗೆಗೆ ರಿಫಂಡ್ ಕೇಳಬಹುದು, ಸೇವೆಗೆ ಕಟ್ಟಿದ್ದಕ್ಕೆ ಇಲ್ಲ. ಅದು ಪೋರ್ಟಲ್‌ನಲ್ಲಿ ಕ್ರೆಡಿಟ್ ಅಂತ ಬೆಳೆಯುತ್ತಾ ಕೂರುತ್ತದೆ.

ಸಾಲದ ಎರಡನೇ ಸುತ್ತಿನ ಅನುಭವ ಇದಕ್ಕಿಂತ ಕಹಿ. 2021ರ ಮೇ ಕೊನೆಗೆ ಯೋಜನೆಯ 3.0 ಭಾಗಕ್ಕೆ ನಾಗರಿಕ ವಿಮಾನಯಾನವನ್ನೂ ಸೇರಿಸಿದರು. ಶೇ. 40ರವರೆಗೆ ಸಾಲ, ಆರು ವರ್ಷದ ಅವಧಿ, ಮೊದಲ ಎರಡು ವರ್ಷ ಅಸಲು ಕಟ್ಟಬೇಕಿಲ್ಲ. ಏರ್‌ಲೈನ್, ಚಾರ್ಟರ್, ಏರ್ ಆಂಬುಲೆನ್ಸ್, ವಿಮಾನ ನಿಲ್ದಾಣ, ಅವುಗಳಿಗೆ ಪೂರಕ ಸೇವೆ ಕೊಡುವವರು ಎಲ್ಲ ಬರುತ್ತಾರೆ. ಮೊದಲು ಶೇ. 20 ತೆಗೆದವರು ಇನ್ನೊಂದು 20 ಕೇಳಬಹುದು. ಎರಡನೇ ಅಲೆಯಲ್ಲಿ ನಮಗೆ ಅದು ನಿಜವಾಗಿ ಬೇಕಿತ್ತು. ಏರೋ ಇಂಡಿಯಾ ಕೂಡ ಆ ಸಲ ಮೂರೇ ದಿನಕ್ಕೆ ಮುಗಿದಿತ್ತು. ಬೇರೆ ವರ್ಷಗಳಲ್ಲಿ ಯಲಹಂಕದ ಆ ಹಬ್ಬದ ವಾರ ನಮಗೆ ಒಂದಿಷ್ಟು ಅರ್ಜೆಂಟ್ ಕೆಲಸ ಬರುತ್ತಿತ್ತು.

ಜುಲೈನಲ್ಲಿ ಬ್ಯಾಂಕಿಗೆ ಹೋದೆ. ಹೊಸ ಆಫೀಸರ್ ಕಂಪ್ಯೂಟರ್ ನೋಡಿ, “ಮೇಡಂ, ನೀವು ಏವಿಯೇಷನ್ ಅಲ್ಲ, ಗ್ಯಾರೇಜ್” ಅಂದರು. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿಯಲ್ಲಿ ನಮ್ಮ ಕೆಲಸ ಬರುವುದು ಸಾರಿಗೆ ಸಾಧನಗಳ ರಿಪೇರಿ ಎಂಬ ಗುಂಪಿನಲ್ಲಿ. ಡಿಜಿಸಿಎ ಅನುಮತಿಯ ಪ್ರತಿ ಕೊಟ್ಟೆ. ಗಿರಾಕಿಗಳ ವರ್ಕ್ ಆರ್ಡರ್ ಕೊಟ್ಟೆ. ಒಂದು ಹೆಲಿಕಾಪ್ಟರ್ ಬ್ಯಾಟರಿಯ ಫೋಟೋವನ್ನೂ ತೋರಿಸಿದೆ, ಸಿಟ್ಟಿಗೆ. ಎರಡು ತಿಂಗಳಾದ ಮೇಲೆ ನೀವು ಅರ್ಹರಲ್ಲ ಅಂತ ಬಾಯಿಮಾತಲ್ಲಿ ಹೇಳಿದರು. ಬರೆದು ಕೊಡಿ ಅಂದೆ. ಬರೆದು ಕೊಡಿ ಅಂದ ತಕ್ಷಣ ಫೈಲ್ ಮೇಲಿನ ಆಫೀಸಿಗೆ ಹೋಯಿತು. ನವೆಂಬರ್‌ನಲ್ಲಿ ಮಂಜೂರಾಯಿತು. ಅಷ್ಟರಲ್ಲಿ ಕೆಲಸ ವಾಪಸ್ ಬರಲು ಶುರುವಾಗಿತ್ತು. ಥ್ಯಾಂಕ್ಸ್ ಹೇಳಿ, ಬೇಡ ಅಂದು ಬಂದೆ. ಮುಂದೆ 2022ರ ಅಕ್ಟೋಬರ್‌ನಲ್ಲಿ ಏರ್‌ಲೈನ್‌ಗಳಿಗೆ ಇದೇ ಯೋಜನೆಯಡಿ ಮಿತಿಯನ್ನು 1,500 ಕೋಟಿಗೆ ಏರಿಸಿದ ಸುದ್ದಿ ಓದಿದೆ. ಅವರಿಗೆ ಯಾರೂ ಗ್ಯಾರೇಜ್ ಅಂದಿರಲಿಕ್ಕಿಲ್ಲ.

ಅಂದ ಹಾಗೆ, ಕೆಲಸ ವಾಪಸ್ ತಂದದ್ದು ಸಾಲ ಅಲ್ಲ, ಪೈಲಟ್ ಆಗಲು ಬಂದ ಹುಡುಗರು. 2020ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಫ್ಲೈಯಿಂಗ್ ಸ್ಕೂಲ್‌ಗಳ ನಿಯಮ ಸಡಿಲ ಮಾಡಿತು. ಆದಾಯದಲ್ಲಿ ಪ್ರಾಧಿಕಾರಕ್ಕೆ ಪಾಲು ಕೊಡಬೇಕೆಂಬ ಷರತ್ತು ತೆಗೆದು, ಜಾಗದ ಬಾಡಿಗೆಯನ್ನೂ ಹದಕ್ಕೆ ತಂದಿತು. 2021ರಲ್ಲಿ ಹೊಸ ಸ್ಕೂಲ್‌ಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇವೆ. ಕಲಿಯುವ ಹುಡುಗರು ಒಂದೇ ಗಂಟೆಯಲ್ಲಿ ಆರೇಳು ಸಲ ಇಳಿದು ಏಳುತ್ತಾರೆ, ಅದೂ ಧಡ್ ಅಂತ. ಟೈರ್ ಅಂಗಡಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ಬೇಕಾ? ಈಗ ಉತ್ತರ ಕರ್ನಾಟಕದ ಬಸ್ ಪಾರ್ಸಲ್‌ನಲ್ಲೂ ನಮಗೆ ಚಕ್ರ ಬರುತ್ತದೆ.

ಮೊದಲ ಸಾಲದ ಲೆಕ್ಕ ಬೇಕಿದ್ದವರಿಗೆ: ಮೊದಲ ವರ್ಷ ತಿಂಗಳಿಗೆ ಸುಮಾರು 5,400 ಬಡ್ಡಿ, ಆಮೇಲೆ 36 ತಿಂಗಳು 24,000ದ ಹತ್ತಿರ ಕಂತು. ಒಟ್ಟು ಬಡ್ಡಿ 1.7 ಲಕ್ಷದ ಆಸುಪಾಸು. 7.6 ಲಕ್ಷದಲ್ಲಿ ಎರಡೂವರೆ ತಿಂಗಳ ಸಂಬಳ ಆಯಿತು. ಒಂಬತ್ತು ಜನರಲ್ಲಿ ಒಬ್ಬರನ್ನೂ ಬಿಡಿಸಲಿಲ್ಲ, ಎಲ್ಲರೂ ಈಗಲೂ ಇದ್ದಾರೆ. ಮೂರು ಸ್ಟಾರ್ ಕೊಟ್ಟಿದ್ದು ಅದಕ್ಕೆ. ಯೋಜನೆ 2023ರ ಮಾರ್ಚ್‌ಗೆ ಮುಗಿದಿದೆ. ಮುಂದೆ ಇಂಥದ್ದೇ ಬೇರೆ ಯಾವುದಾದರೂ ಬಂದರೆ ಸುತ್ತೋಲೆಯ ಪ್ರತಿ ನೀವೇ ಹಿಡಿದುಕೊಂಡು ಹೋಗಿ, ಇಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ.

2024ರ ಜುಲೈನಲ್ಲಿ ಕೊನೇ ಕಂತು ಕಟ್ಟಿದ ದಿನ ಮಾವನಿಗೆ ಪಾಸ್‌ಬುಕ್ ತೋರಿಸಿದೆ. ಟೆಸ್ಟ್ ಬೆಂಚ್ ಸಾಲವೂ ಅಷ್ಟೊತ್ತಿಗೆ ತೀರಿತ್ತು. ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದರು. “ಅಂದ್ರೆ ಈಗ ನಮ್ಮ ಸಾಲ ಸೊನ್ನೆನಾ?” ಅಂದರು. ಹೌದು ಮಾವ ಅಂದೆ. ಸ್ವಲ್ಪ ಹೊತ್ತು ಪಕ್ಕದ ಶೆಡ್‌ನ ಶಟರ್ ಕಡೆ ನೋಡುತ್ತಾ ಕೂತರು. ಆಮೇಲೆ, “ಒಂದಿಷ್ಟು ಇಟ್ಕೊಳ್ಳೋದು ಒಳ್ಳೇದೇನಮ್ಮಾ?” ಅಂತ ಕೇಳಿದರು.