ಟೆಕ್ಸಸಾ, ಒಹಾಯೊ ಸ್ಟೇಟಾ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಈ ಎರಡು ವಿಶ್ವವಿದ್ಯಾಲಯಗಳ ತಂಡಗಳು 2025ರ ಆಗಸ್ಟ್ 30ರಂದು ಸೀಸನ್ನಿನ ಮೊದಲ ಮ್ಯಾಚಿಗೆ ಇಳಿದಾಗ, ಯಾರ ಕಡೆ ನಿಲ್ಲಬೇಕು ಅಂತ ನೀವೂ ಯೋಚಿಸಿದ್ದಿರಾ?

ಟೆಕ್ಸಸ್ ದೇಶದ ನಂಬರ್ ಒನ್ ತಂಡವಾಗಿಯೇ ಕಣಕ್ಕಿಳಿದಿತ್ತು. ಎಲ್ಲರ ಕಣ್ಣು ಅದರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವ) ಆರ್ಚ್ ಮ್ಯಾನಿಂಗ್ ಮೇಲಿತ್ತು. ಹೆಸರಾಂತ ಮಾಜಿ ಕ್ವಾರ್ಟರ್‌ಬ್ಯಾಕ್‌ಗಳಾದ ಪೇಟನ್, ಈಲೈ ಇಬ್ಬರೂ ಅವನ ಚಿಕ್ಕಪ್ಪಂದಿರು. ಆದರೆ ಅದರ ಹಿಂದಿನ ಸೀಸನ್ನಿನಲ್ಲಿ ಅವನು ಶುರುವಿನಿಂದ ಆಡಿದ್ದು ಎರಡೇ ಮ್ಯಾಚ್.

ಒಹಾಯೊ ಸ್ಟೇಟ್ ಆಗಿನ ಹಾಲಿ ಚಾಂಪಿಯನ್. 14 ಆಟಗಾರರು ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ) ಹೋಗಿದ್ದರು, ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್ ಹೊಸಬ. ಆದರೂ ಎಸೆದ ಚೆಂಡು ಹಿಡಿಯಲು ಜೆರೆಮಿಯಾ ಸ್ಮಿತ್ ಇದ್ದ, ಡಿಫೆನ್ಸಿನಲ್ಲಿ ಕೇಲೆಬ್ ಡೌನ್ಸ್ ಇದ್ದ, ಮೇಲಾಗಿ ಮ್ಯಾಚ್ ಇದ್ದದ್ದೇ ಅವರದೇ ಊರಾದ ಕೊಲಂಬಸ್ಸಿನಲ್ಲಿ, ಲಕ್ಷ ಜನರ ಕೂಗಿನ ನಡುವೆ. 2025ರ ಜನವರಿಯಲ್ಲಿ ಇದೇ ಎರಡು ತಂಡಗಳು ಆಡಿದ ಸೆಮಿಫೈನಲ್, ಕಾಟನ್ ಬೌಲ್ ನೆನಪಿದೆ ಅಲ್ವಾ? ಒಹಾಯೊದ ಜಾಕ್ ಸಾಯರ್ ತನ್ನ ಹಳೇ ರೂಮ್‌ಮೇಟ್, ಆಗಿನ ಟೆಕ್ಸಸ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಉದುರಿಸಿ, ಅದನ್ನೇ ಎತ್ತಿಕೊಂಡು 83 ಗಜ ಓಡಿದ. 28-14ರಿಂದ ಒಹಾಯೊ ಗೆದ್ದಿತು. ಆ ಸಾಯರ್ ಆಗಸ್ಟ್ ಹೊತ್ತಿಗೆ ತಂಡದಲ್ಲಿರಲಿಲ್ಲ, ನನ್ನ ಚಿಂತೆ ಅದೊಂದೇ ಆಗಿತ್ತು. ಆದರೂ ನಾನು ನಿಂತಿದ್ದು ಒಹಾಯೊ ಕಡೆ.