ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಟ್ಯಾರೋ ಡಬ್ಬಿ: ಚಿತ್ರ ಚಿನ್ನ, ಕಟಿಂಗ್ ಸುಮಾರು, ಪುಸ್ತಿಕೆ ಬೇಡವೇ ಬೇಡ

ಟ್ಯಾರೋ ಅಂದರೆ ಈಗ ಭವಿಷ್ಯ ಹೇಳಲು ಬಳಸುವ ಚಿತ್ರದ ಕಾರ್ಡುಗಳ ಕಟ್ಟು. ಮೊದಲು ಡಬ್ಬಿಯ ವಿಷಯ ಹೇಳಿಬಿಡುತ್ತೇನೆ. 78 ಕಾರ್ಡು, ಒಂದು ಸಣ್ಣ ಪುಸ್ತಿಕೆ, ಒಂದು ಗುಲಾಬಿ ಬಣ್ಣದ ಗಾಜಿನ ಹರಳು. ಎಲ್ಲಾ ಸೇರಿ 450 ರೂಪಾಯಿ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆ ಕಡೆ ಒಂದು ಗಿಫ್ಟ್ ಅಂಗಡಿಯಲ್ಲಿ ಕೊಂಡೆ. ಅಂಗಡಿಯ ಹೆಸರು ಬೇಡ. ಪಾಪ, ಅವರು ತಂದು ಮಾರುವವರು ಅಷ್ಟೇ.

ನನಗೆ ಭವಿಷ್ಯ ಕೇಳುವ ಚಟವೇನಿಲ್ಲ. ನಮ್ಮದು ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕುವ ಸಣ್ಣ ಪ್ರೆಸ್. ಒಬ್ಬ ಗಿರಾಕಿ ಬಂದು "ಟ್ಯಾರೋ ಕಾರ್ಡ್ ಮಾಡಿ ಕೊಡ್ತೀರೇನ್ರಿ?" ಎಂದು ಕೇಳಿದರು. ಹೂಂ ಅನ್ನುವ ಮೊದಲು ಪೇಟೆಯಲ್ಲಿ ಇರುವ ಮಾಲು ಹೇಗಿದೆ ನೋಡಬೇಕಲ್ವಾ? ಅದಕ್ಕೇ ತಂದದ್ದು.

ಕಾಗದ ಪರವಾಗಿಲ್ಲ. 350 ಜಿಎಸ್‌ಎಂ (ಚದರ ಮೀಟರಿಗೆ 350 ಗ್ರಾಂ) ಆರ್ಟ್ ಕಾರ್ಡ್ ಇರಬೇಕು, ಮೇಲೆ ಹೊಳೆಯುವ ಗ್ಲಾಸಿ ಲ್ಯಾಮಿನೇಷನ್. ಇಸ್ಪೀಟ್ ಎಲೆಗೆ ಬಳಸುವ ಕಾಗದವೇ ಬೇರೆ. ಅದರ ನಡುವೆ ಕಪ್ಪು ಪದರ ಇರುತ್ತದೆ, ಬೆಳಕಿಗೆ ಹಿಡಿದರೂ ಆಚೆ ಬದಿಯ ಚಿತ್ರ ಕಾಣುವುದಿಲ್ಲ. ಇದರಲ್ಲಿ ಆ ಪದರ ಇಲ್ಲ. ಕಿಟಕಿ ಕಡೆ ಹಿಡಿದರೆ ಸೂರ್ಯನ ಕಾರ್ಡು ಯಾವುದು, ಸಾವಿನ ಕಾರ್ಡು ಯಾವುದು ಎಂದು ಹಿಂದಿನಿಂದಲೇ ಹೇಳಬಹುದು. ಲ್ಯಾಮಿನೇಷನ್ ಬೇರೆ ಮುಂಬದಿಗೆ ಮಾತ್ರ ಹಾಕಿದ್ದಾರೆ. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲಿಗೆ ಇಂಥ ಕಾರ್ಡು ಹಪ್ಪಳದ ಹಾಗೆ ಬಾಗುತ್ತದೆ. ಖರ್ಚು ಸ್ವಲ್ಪ ಹೆಚ್ಚಾದರೂ ಎರಡೂ ಬದಿ ಹಾಕಬೇಕಿತ್ತು.

ದೊಡ್ಡ ದೋಷ ಕಟಿಂಗ್‌ನದ್ದು. ಹಿಂಬದಿಯ ಬಿಳಿ ಅಂಚು ಒಂದು ಕಡೆ 4 ಮಿಲಿಮೀಟರ್, ಇನ್ನೊಂದು ಕಡೆ 3. ಮದುವೆ ಕಾರ್ಡಿನಲ್ಲಾದರೆ ಯಾರೂ ಕೇಳುವುದಿಲ್ಲ. ಆದರೆ ಟ್ಯಾರೋ ಓದುವವರಿಗೆ ಕಾರ್ಡು ನೆಟ್ಟಗೆ ಬಂದರೆ ಒಂದು ಅರ್ಥ, ತಲೆಕೆಳಗಾಗಿ ಬಂದರೆ ಇನ್ನೊಂದು. ಇಲ್ಲಿ ಮಗುಚುವ ಮೊದಲೇ ಅದು ಗೊತ್ತಾಗುತ್ತದೆ. ಇಸ್ಪೀಟ್ ಮೇಜಿನ ಮೇಲೆ ಇಂಥ ಎಲೆ ತಂದರೆ ಹೊಡೆತ ಬೀಳುತ್ತದೆ.

ಇನ್ನು ಪುಸ್ತಿಕೆ. ಕೌಂಟರಿನಲ್ಲಿದ್ದ ಹುಡುಗ "ಇದು ಈಜಿಪ್ಟಿಂದ್ ಅದ ರೀ, ಐದು ಸಾವಿರ ವರ್ಷದ್ದು" ಎಂದಿದ್ದ. ಅವನ ತಪ್ಪಲ್ಲ. ಪುಸ್ತಿಕೆಯ ಮೊದಲ ಪುಟದಲ್ಲೇ ಪಿರಮಿಡ್ಡಿನ ಚಿತ್ರ ಹಾಕಿ ಅದನ್ನೇ ಬರೆದಿದ್ದಾರೆ. ನಿಜ ಹೇಳಬೇಕೆಂದರೆ ಟ್ಯಾರೋ ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಗಿಂತ ಚಿಕ್ಕದು. ಮಸೀದಿ ಕಟ್ಟಿದ್ದು 1367ರಲ್ಲಿ. ಟ್ಯಾರೋ ಎಲೆಗಳ ಮೊದಲ ಲಿಖಿತ ಉಲ್ಲೇಖ ಸಿಗುವುದು 1440ರಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಆಗ ಬಹಮನಿಗಳು ರಾಜಧಾನಿಯನ್ನು ಇಲ್ಲಿಂದ ಬೀದರಿಗೆ ಎತ್ತಿಕೊಂಡು ಹೋಗಿ ಆಗಿತ್ತು. ಇಟಲಿಯ ಮಿಲಾನ್‌ನಲ್ಲಿ ಡ್ಯೂಕನ ಮನೆಗೆ ಚಿನ್ನದ ರೇಕು ಹಚ್ಚಿ ಕೈಯಲ್ಲೇ ಬರೆದ ಎಲೆಗಳು ತಯಾರಾದದ್ದು 1450ರ ಆಸುಪಾಸು. ವಿಸ್ಕೊಂತಿ, ಸ್ಫೋರ್ಜಾ ಮನೆತನದ ಆ ಕಟ್ಟಿನಲ್ಲಿ 74 ಎಲೆಗಳು ಉಳಿದಿವೆ. ಕೆಲವು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿವೆ, ಕೆಲವು ಇಟಲಿಯ ಬೆರ್ಗಾಮೊದಲ್ಲಿವೆ. ಅದಾಗಿ ಇಪ್ಪತ್ತು ಚಿಲ್ಲರೆ ವರ್ಷಕ್ಕೆ, 1472ರಲ್ಲಿ, ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಎದ್ದು ನಿಂತಿತು. ಕಾಲ ಅಂದಾಜಾಯಿತಲ್ಲ? ಐದು ಸಾವಿರ ವರ್ಷವೂ ಇಲ್ಲ, ಪಿರಮಿಡ್ಡೂ ಇಲ್ಲ.

ಅದಕ್ಕಿಂತ ಮುಖ್ಯವಾದ ಮಾತು, ಅದು ಭವಿಷ್ಯ ನೋಡಲು ಹುಟ್ಟಿದ್ದಲ್ಲ. ಆಟಕ್ಕೆ ಹುಟ್ಟಿದ್ದು. ತುರುಪು ಆಡಿದವರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ನಾವು ಪ್ರತಿ ಆಟಕ್ಕೂ ಆಟೀನು, ಇಸ್ಪೀಟಿನಂಥ ಒಂದು ಬಣ್ಣವನ್ನು ತುರುಪು, ಅಂದರೆ ಉಳಿದ ಬಣ್ಣಗಳನ್ನು ಸೋಲಿಸುವ ಬಣ್ಣ, ಮಾಡಿಕೊಳ್ಳುತ್ತೇವೆ. ಇಟಲಿಯವರು ನಾಲ್ಕು ಬಣ್ಣದ 56 ಎಲೆಗಳ ಜೊತೆಗೆ 21 ಚಿತ್ರದ ಎಲೆಗಳನ್ನು ಕಾಯಂ ತುರುಪು ಎಂದು ಸೇರಿಸಿದರು. ಜೊತೆಗೆ ಒಬ್ಬ ಹುಚ್ಚ. ಹುಚ್ಚನ ಎಲೆ ಇಳಿಸಿದರೆ "ಈ ಸುತ್ತಿನಲ್ಲಿ ನನ್ನನ್ನು ಬಿಡ್ರಪ್ಪಾ" ಎಂದ ಹಾಗೆ. ಗೆಲ್ಲುವುದೂ ಇಲ್ಲ, ಬೇರೆಯವರ ಬಣ್ಣಕ್ಕೆ ಎಲೆ ಹಾಕುವ ಕಟ್ಟುಪಾಡೂ ಇಲ್ಲ. ಇವತ್ತು ಓದುವವರು ಹುಚ್ಚನಿಗೆ 0 ನಂಬರು, ಲೆಕ್ಕಕ್ಕೆ ಸಿಗದ ಆತ್ಮ, ಹೊಸ ಪಯಣ ಎಂದೆಲ್ಲಾ ಹೇಳುತ್ತಾರೆ. ಅವನು ಆಟದಲ್ಲೇ ಲೆಕ್ಕದ ಹೊರಗಿದ್ದ. ಫ್ರಾನ್ಸಿನಲ್ಲಿ, ಆಸ್ಟ್ರಿಯಾದಲ್ಲಿ ಈ ಆಟ ಈಗಲೂ ಆಡುತ್ತಾರೆ.

ಆ 21 ತುರುಪುಗಳ ಕ್ರಮ ನೋಡಿದರೆ ನನಗೆ ಖುಷಿಯಾಗುತ್ತದೆ. ಎಲ್ಲರಿಗಿಂತ ಕೆಳಗೆ ಸಂತೆಯ ಜಾದೂಗಾರ. ಅವನ ಮೇಲೆ ರಾಣಿ, ಚಕ್ರವರ್ತಿ, ಪೋಪ್. ಮುಂದೆ ಪ್ರೇಮ, ವಿಜಯದ ರಥ, ಭಾಗ್ಯದ ಚಕ್ರ, ಮುದುಕ. 13ನೆಯದು ಸಾವು. ಅಂದರೆ ಸಾವಿನ ಎಲೆ ಇಳಿಸಿದರೆ ಚಕ್ರವರ್ತಿಯೂ ಬಿದ್ದ, ಪೋಪನೂ ಬಿದ್ದ. ಸಾವಿನ ಮೇಲೆ ಸೈತಾನ, ಸಿಡಿಲು ಬಡಿದ ಗೋಪುರ, ನಕ್ಷತ್ರ, ಚಂದ್ರ, ಸೂರ್ಯ, ಕೊನೆಯ ತೀರ್ಪು, ಜಗತ್ತು. ಊರೂರಿಗೆ ಈ ಸಾಲು ಸ್ವಲ್ಪ ಹಿಂದೆ ಮುಂದೆ ಆಗುತ್ತಿತ್ತು. ಆದರೆ ಹಿಂದೆ ಬಂದವನು ಮುಂದೆ ಹೋದವನನ್ನು ಸೋಲಿಸುತ್ತಾ ಹೋಗುವ ಮೆರವಣಿಗೆ ಎಲ್ಲಾ ಕಡೆ ಅದೇ. ಆ ಕಾಲದ ಇಟಲಿಯ ಬೀದಿಗಳಲ್ಲಿ ಇಂಥ ರೂಪಕದ ಮೆರವಣಿಗೆ ನಿಜಕ್ಕೂ ಹೊರಡುತ್ತಿದ್ದವು. ಚರ್ಚಿನ ಗೋಡೆಗಳಲ್ಲಿ ಅವರು ದಿನಾ ನೋಡುತ್ತಿದ್ದ ಚಿತ್ರಗಳೇ ಇವು. ಗುಟ್ಟಿನ ವಿದ್ಯೆ ಏನೂ ಇರಲಿಲ್ಲ.

ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿದವನ ಎಲೆ ಇದೆಯಲ್ಲ, ಪುಸ್ತಿಕೆ ಅವನನ್ನು "ಧ್ಯಾನದಲ್ಲಿರುವ ಯೋಗಿ" ಎನ್ನುತ್ತದೆ. ಹಳೇ ಇಟಲಿಯಲ್ಲಿ ಅವನನ್ನು ಕರೆದದ್ದು ದ್ರೋಹಿ ಎಂದು. ಊರಿಗೆ ಮೋಸ ಮಾಡಿ ಓಡಿಹೋದವನ ಚಿತ್ರವನ್ನು ಹೀಗೆ ಒಂದೇ ಕಾಲಿಗೆ ನೇತುಹಾಕಿದಂತೆ ಸಾರ್ವಜನಿಕ ಗೋಡೆಯ ಮೇಲೆ ಬರೆಸಿ ಮಾನ ಕಳೆಯುತ್ತಿದ್ದರು. ಮನುಷ್ಯ ಕೈಗೆ ಸಿಗದಿದ್ದರೆ ಚಿತ್ರವಾದರೂ ನೇತಾಡಲಿ ಎಂದು! ಈಗ ನನ್ನ ಕೈಯಲ್ಲಿರುವ ಎಲೆಯಲ್ಲಿ ಅವನ ತಲೆಯ ಸುತ್ತ ಪ್ರಭಾವಳಿ ಇದೆ, ಮುಖದಲ್ಲಿ ಶಾಂತಿ ಇದೆ. ದ್ರೋಹಿಗೆ ಎಂಥಾ ಬಡ್ತಿ ನೋಡಿ. ಕಂದೀಲು ಹಿಡಿದ ಮುದುಕನದ್ದೂ ಇದೇ ಕತೆ. ಮಿಲಾನಿನ ಎಲೆಯಲ್ಲಿ ಅವನ ಕೈಯಲ್ಲಿದ್ದದ್ದು ಮರಳುಗಡಿಯಾರ. ಅವನು ಸನ್ಯಾಸಿಯಲ್ಲ, ಕಾಲ. ಜಾದೂಗಾರನೂ ಮೊದಲು ಸಂತೆಯಲ್ಲಿ ಮೇಜು ಹಾಕಿಕೊಂಡು ಕಣ್ಕಟ್ಟು ಮಾಡುವವನು. ಈಗ ಕೈ ಮೇಲೆತ್ತಿ ನಿಂತ ಮಂತ್ರವಾದಿ.

ನಾಲ್ಕು ಬಣ್ಣಗಳು ಬಟ್ಟಲು, ಕತ್ತಿ, ನಾಣ್ಯ, ಕೋಲು. ಇವು ಯುರೋಪಿನವರ ಸ್ವಂತದ್ದಲ್ಲ. ಇಸ್ತಾನ್‌ಬುಲ್ಲಿನ ತೋಪ್‌ಕಾಪಿ ಅರಮನೆಯಲ್ಲಿ ಮಮ್ಲೂಕ್ ಸುಲ್ತಾನರ ಕಾಲದ ಎಲೆಗಳಿವೆ. ಅದರಲ್ಲಿಯೂ ಬಟ್ಟಲು, ಕತ್ತಿ, ನಾಣ್ಯ, ಜೊತೆಗೆ ಪೋಲೋ ಆಡುವ ಕೋಲು. ಯುರೋಪಿನವರಿಗೆ ಪೋಲೋ ಗೊತ್ತಿರಲಿಲ್ಲ, ಹಾಗಾಗಿ ಅದು ಬರೀ ಕೋಲಾಯಿತು. ಹಾಗೆ ನೋಡಿದರೆ ಈಜಿಪ್ಟಿನ ಕತೆಯಲ್ಲಿ ಒಂದು ಎಳೆ ನಿಜವಿದೆ, ಏಕೆಂದರೆ ಮಮ್ಲೂಕರು ಆಳಿದ್ದು ಕೈರೋದಿಂದಲೇ. ಆದರೆ ಅವರು ಫೇರೋಗಳಲ್ಲ, ಸುಲ್ತಾನರು. ಅವರ ಎಲೆಗಳಲ್ಲಿ ಮನುಷ್ಯರ ಚಿತ್ರವೇ ಇಲ್ಲ. ಸೈತಾನ, ಗೋಪುರ, ಚಂದ್ರ ಏನೂ ಇಲ್ಲ. ಇಸ್ಪೀಟ್ ಎಲೆ ಇಟಲಿಗೆ ಬಂದ ಮೇಲೆ ಫ್ಲಾರೆನ್ಸಿನವರು 1377ರಲ್ಲೇ ಅದರ ಮೇಲೆ ನಿರ್ಬಂಧ ಹಾಕಿದ್ದರು. ನಮ್ಮ ಕಡೆ ಅಂದರ್ ಬಾಹರ್ ಮೇಲೆ ರೈಡ್ ಆಗುವುದು ಹೊಸ ಸುದ್ದಿಯಲ್ಲ ಬಿಡಿ.

ಹಾಗಾದರೆ ಪಿರಮಿಡ್ ಎಲ್ಲಿಂದ ಬಂತು? ಪ್ಯಾರಿಸ್ಸಿನಿಂದ. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಪಂಡಿತ ತನ್ನ ದೊಡ್ಡ ಗ್ರಂಥದ ಎಂಟನೇ ಸಂಪುಟದಲ್ಲಿ ಇದನ್ನು ಬರೆದ. ಯಾರದೋ ಮನೆಯಲ್ಲಿ ಈ ಆಟ ನೋಡಿದನಂತೆ, ಕಾಲು ಗಂಟೆಯಲ್ಲಿ ಎಲ್ಲಾ ಹೊಳೆಯಿತಂತೆ, ಇದು ಈಜಿಪ್ಟಿನ ಪುರೋಹಿತರ ಗ್ರಂಥವಂತೆ. ಈಜಿಪ್ಟಿನ ಚಿತ್ರಲಿಪಿಯನ್ನು ಷಾಂಪೋಲಿಯನ್ ಬಿಡಿಸಿದ್ದು 1822ರಲ್ಲಿ. ಅದಕ್ಕೆ ನಲವತ್ತು ವರ್ಷ ಮೊದಲೇ, ಒಂದಕ್ಷರ ಓದಲು ಬಾರದೆ, ಈ ಮಹಾನುಭಾವ ತೀರ್ಪು ಕೊಟ್ಟಾಗಿತ್ತು. ಬೆನ್ನಿಗೇ ಎಟೈಲಾ ಎಂಬಾತ ಟ್ಯಾರೋದಿಂದ ಭವಿಷ್ಯ ಹೇಳುವುದು ಹೇಗೆ ಎಂದು 1785ರಲ್ಲಿ ಪುಸ್ತಕ ಬರೆದ. ನಂತರ ಅದಕ್ಕೆಂದೇ ಬೇರೆ ಎಲೆಗಳನ್ನು ಅಚ್ಚು ಹಾಕಿಸಿದ. ಅವನ ನಿಜವಾದ ಹೆಸರು ಆಲಿಯೆತ್. ತನ್ನ ಹೆಸರನ್ನೇ ಹಿಂದುಮುಂದಾಗಿ ಬರೆದು ಎಟೈಲಾ ಮಾಡಿಕೊಂಡಿದ್ದ. ಮೊದಲು ಅಚ್ಚಾದ ಚಿತ್ರಗಳನ್ನು ಮಾರುತ್ತಿದ್ದನಂತೆ. ನಮ್ಮ ಲೈನಿನವನೇ! ಗಿರಾಕಿಗೆ ಏನು ಬೇಕೋ ಅದು ಗೊತ್ತಿದ್ದವನು.

ಆ ಕಾಲದ ಸಾದಾ ಟ್ಯಾರೋ ಎಲೆಗಳನ್ನು ಮರದ ಅಚ್ಚಿನಲ್ಲಿ ಗೆರೆ ಒತ್ತಿ, ಕೊರೆದ ಸ್ಟೆನ್ಸಿಲ್ ಇಟ್ಟು ಬಣ್ಣ ಬಳಿಯುತ್ತಿದ್ದರು. ಕೆಂಪು ಗೆರೆ ದಾಟುತ್ತಿತ್ತು, ನೀಲಿ ಪಕ್ಕಕ್ಕೆ ಸರಿಯುತ್ತಿತ್ತು. ನನ್ನ ಡಬ್ಬಿಯಲ್ಲಿ ನಾಲ್ಕು ಬಣ್ಣದ ಆಫ್‌ಸೆಟ್ ಇದ್ದೂ ನಾಣ್ಯದ ಹತ್ತರಲ್ಲಿ ಕೆಂಪು ಅರ್ಧ ಮಿಲಿಮೀಟರ್ ಜಾರಿದೆ. ಇದಕ್ಕೆ ಕ್ಷಮೆ ಇಲ್ಲ.

ಈಗ ಚಿತ್ರಗಳ ವಿಷಯ. ಈ 450 ರೂಪಾಯಿಯಲ್ಲಿ 400 ಅದಕ್ಕೇ. ಇವನ್ನು ಬರೆದದ್ದು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ, 1909ರಲ್ಲಿ, ಗುಟ್ಟಿನ ವಿದ್ಯೆಗಳ ಬಗ್ಗೆ ಬರೆಯುತ್ತಿದ್ದ ಆರ್ಥರ್ ವೇಟ್ ಎಂಬವರಿಗೆ. ಲಂಡನ್ನಿನ ರೈಡರ್ ಪ್ರಕಾಶನ ಅಚ್ಚು ಹಾಕಿತು. ಹಾಗಾಗಿ ಊರಿಗೆಲ್ಲಾ ಅದು ರೈಡರ್-ವೇಟ್ ಆಯಿತು. ಬರೆದವಳ ಹೆಸರು ಬಹಳ ಕಾಲ ಡಬ್ಬಿಯ ಮೇಲೆ ಬರಲೇ ಇಲ್ಲ. ನನ್ನ ಡಬ್ಬಿಯ ಮೇಲೆ ಇವತ್ತಿಗೂ ಇಲ್ಲ. ಪುಸ್ತಿಕೆಯಲ್ಲಿ ಈಜಿಪ್ಟಿನ ದೇವರ ಹೆಸರಿದೆ, ಆಕೆಯದಿಲ್ಲ. ಪ್ರತಿ ಎಲೆಯ ಕೆಳಮೂಲೆಯಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಒಂದು ಗುರುತಿದೆ, ಅದೇ ಆಕೆಯ ಸಹಿ. ಇವರ ಕಟಿಂಗ್‌ನಲ್ಲಿ ಕೆಲವು ಎಲೆಗಳಲ್ಲಿ ಅದೂ ಅರ್ಧ ಹೋಗಿದೆ! ಅಷ್ಟು ದೊಡ್ಡ ಕೆಲಸಕ್ಕೆ ಬಹಳ ಕಡಿಮೆ ಹಣ ಸಿಕ್ಕಿತೆಂದು ಆಕೆಯೇ ಆ ವರ್ಷ ಒಂದು ಪತ್ರದಲ್ಲಿ ಬರೆದಿದ್ದಳು. 1951ರಲ್ಲಿ ಇಂಗ್ಲೆಂಡಿನ ಬ್ಯೂಡ್ ಎಂಬ ಊರಲ್ಲಿ ಸಾಲ ಉಳಿಸಿ ತೀರಿಕೊಂಡಳು.

ಆಕೆ ಮಾಡಿದ ದೊಡ್ಡ ಕೆಲಸ ಒಂದಿದೆ. ಅದಕ್ಕೂ ಮೊದಲು ಬಹುತೇಕ ಕಟ್ಟುಗಳಲ್ಲಿ ಬಟ್ಟಲಿನ ಐದು ಎಂದರೆ ಬರೀ ಐದು ಬಟ್ಟಲು, ಕತ್ತಿಯ ಮೂರು ಎಂದರೆ ಮೂರು ಕತ್ತಿ. ನಮ್ಮ ಇಸ್ಪೀಟಿನ ಹಾಗೆ. ಆಕೆ ಪ್ರತಿಯೊಂದಕ್ಕೂ ಒಂದು ದೃಶ್ಯ ಬರೆದಳು. ಕತ್ತಿಯ ಮೂರರಲ್ಲಿ ಮಳೆ, ಮೋಡ, ಮೂರು ಕತ್ತಿ ಚುಚ್ಚಿದ ಕೆಂಪು ಹೃದಯ. ಇದಕ್ಕೂ ಒಂದು ಮೂಲವಿದೆ. 1491ರ ಸುಮಾರಿನ ಸೋಲಾ ಬುಸ್ಕಾ ಎಂಬ ಇಟಾಲಿಯನ್ ಕಟ್ಟಿನಲ್ಲಿ ಇದೇ ಚಿತ್ರ ಇದೆ, ಅದರ ಫೋಟೋಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದಿದ್ದವು. ಆಕೆ ಅಲ್ಲಿ ನೋಡಿರಬೇಕು ಅನ್ನಿಸುತ್ತದೆ. ಎತ್ತಿಕೊಂಡದ್ದು ಸರಿಯಾದ ಕಡೆಯಿಂದಲೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಾವಿನ ಎಲೆ. ಕಪ್ಪು ಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆಯ ಮೇಲೆ ಬರುತ್ತಿದೆ. ಕೈಯಲ್ಲಿ ಬಿಳಿ ಗುಲಾಬಿಯ ಕಪ್ಪು ಬಾವುಟ. ರಾಜ ಸತ್ತು ಬಿದ್ದಿದ್ದಾನೆ, ಬಿಷಪ್ ಕೈ ಮುಗಿದು ನಿಂತಿದ್ದಾನೆ, ಒಂದು ಮಗು ಮಾತ್ರ ಹೆದರದೆ ನೋಡುತ್ತಿದೆ. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯ. ಐದಾರು ಬಣ್ಣ, ದಪ್ಪ ಕಪ್ಪು ಗೆರೆ. ಇದನ್ನು ಪ್ಲೇಟ್ ಮಾಡಿಸುವಾಗ ಯಾವ ಪ್ರಿಂಟರಿಗೂ ಕೈ ನಡುಗುವುದಿಲ್ಲ, ಅಷ್ಟು ಸ್ವಚ್ಛ ಕೆಲಸ.

ನಮ್ಮ ಕೌಂಟರಿನ ಮೇಲೆ ಈ ಕಾರ್ಡು ಹರಡಿಕೊಂಡಿದ್ದಾಗ ಲಗ್ನಪತ್ರಿಕೆ ಪ್ರೂಫ್ ನೋಡಲು ಬಂದವರು ಸಾವಿನ ಎಲೆ ಕಂಡು ಮುಖ ಹುಳಿ ಮಾಡಿದರು. ಅಂದಿನಿಂದ ಡಬ್ಬಿ ಡ್ರಾಯರಿನೊಳಗೆ. ಗಿಣಿ ಶಾಸ್ತ್ರದವನ ಎಲೆಯಲ್ಲಿ ಬರುವುದು ದೇವರ ಚಿತ್ರ, ಯಾರೂ ಬೇಡ ಅನ್ನುವುದಿಲ್ಲ.

ಗಿರಾಕಿಗೆ ನಾನು ಹೂಂ ಎಂದೆ. ಕಾಪಿರೈಟ್ ಕೇಳುವವರಿಗೆ ಹೇಳುತ್ತೇನೆ, ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ 60 ವರ್ಷದವರೆಗೆ ಅದು ಇರುತ್ತದೆ. ಪಮೇಲಾಳ ಚಿತ್ರಗಳಿಗೆ 2011ರ ಕೊನೆಗೆ ಮುಗಿಯಿತು. 1909ರ ಮೂಲ ಗೆರೆಗಳು ಎಲ್ಲರವು. ಆಮೇಲೆ ಬೇರೆಯವರು ಹೊಸದಾಗಿ ಬಣ್ಣ ಹಾಕಿದ್ದನ್ನು ಮಾತ್ರ ಕದಿಯಬಾರದು.

ನೀವು ಇದೇ ಡಬ್ಬಿ ಕೊಳ್ಳುವುದಾದರೆ ಪ್ಲಾಸ್ಟಿಕ್ ಬಿಚ್ಚಿಸಿ ನೋಡಿ. ನಾಣ್ಯದ ಹತ್ತು ತೆಗೆದು ಕೆಂಪು ಜಾರಿದೆಯಾ ನೋಡಿ. ಹಿಂಬದಿಯ ಅಂಚು ಎರಡೂ ಕಡೆ ಸಮ ಇದೆಯಾ ನೋಡಿ. ಕೆಳಮೂಲೆಯ ಸಹಿ ಪೂರ್ತಿ ಇರಬೇಕು. ಬಿಚ್ಚುವುದಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ. ಚಿತ್ರಕ್ಕೆ ಐದಕ್ಕೆ ಐದು, ಕಾಗದಕ್ಕೆ ಮೂರು, ಕಟಿಂಗ್‌ಗೆ ಒಂದೂವರೆ. ಪುಸ್ತಿಕೆಗೆ ಅಂಕ ಕೊಡುವುದಿಲ್ಲ. ಅದರ ಹಿಂದಿನ ಖಾಲಿ ಪುಟಗಳಲ್ಲಿ ಈಗ ನಮ್ಮ ಹುಡುಗ ಶಾಯಿ ಲೆಕ್ಕ ಬರೆಯುತ್ತಾನೆ. ಹರಳನ್ನು ಮೊಮ್ಮಗಳು ಒಯ್ದಳು.