ಟಿಜಿಎ ಟೆಸ್ಟ್ ಮಾಡಿಸಿದೆ: ಕೆಲಸ ಚೆನ್ನಾಗಿದೆ, ಆದರೆ ಫೋನ್ ಮಾಡಿ ಹೇಳಬೇಕು

ಎಪಾಕ್ಸಿಗೆ (ಗಟ್ಟಿಯಾಗುವ ಅಂಟಿನಂಥ ಪ್ಲಾಸ್ಟಿಕ್) ಸಿಲಿಕಾ (ಮರಳಿನಲ್ಲಿರುವ ಖನಿಜ) ಸೇರಿಸಿದ ಹೈಬ್ರಿಡ್ ರೆಸಿನ್ ಸ್ಯಾಂಪಲ್‌ಗಳನ್ನು ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಟಿಜಿಎಗೆ ಕೊಟ್ಟಿದ್ದೆ. ಅಂದರೆ, ಬಿಸಿ ಏರಿಸುತ್ತಾ ಹೋದ ಹಾಗೆ ಸ್ಯಾಂಪಲ್ ತೂಕ ಎಷ್ಟು ಇಳಿಯುತ್ತದೆ ಅಂತ ನೋಡುವ ಟೆಸ್ಟ್.

ಮೊದಲು ಬಂದದ್ದು ಒಂದು ಪಿಡಿಎಫ್. ಅದರಲ್ಲಿ ನಿಮಿಷಕ್ಕೆ 10 ಡಿಗ್ರಿ ವೇಗದ ಒಂದೇ ಗ್ರಾಫ್. ರೆಸಿನ್ ಬಿಸಿಗೆ ಯಾವಾಗ ರಾಸಾಯನಿಕವಾಗಿ ಒಡೆಯಲು ಶುರುವಾಗುತ್ತದೆ ಅಂತ ನೋಡಲು ಅದು ಸಾಕು. ಆದರೆ ನನಗೆ ಬೇಕಿದ್ದದ್ದು ಆಕ್ಟಿವೇಶನ್ ಎನರ್ಜಿ, ಅಂದರೆ ರೆಸಿನ್ ಒಡೆಯಲು ದಾಟಬೇಕಾದ ಶಕ್ತಿಯ ಮಿತಿ. ಬಿಸಿ ಏರಿಸುವ ವೇಗ ಹೆಚ್ಚಾದರೆ ರೆಸಿನ್ ಒಡೆಯುವ ತಾಪಮಾನವೂ ಮೇಲಕ್ಕೆ ಸರಿಯುತ್ತದೆ, ಎಷ್ಟು ಸರಿಯಿತು ಅನ್ನುವುದರಿಂದಲೇ ಲೆಕ್ಕ ಹಾಕುವುದು, ಹಾಗಾಗಿ ಒಂದೇ ಗ್ರಾಫ್ ಇಟ್ಟುಕೊಂಡು ನಂಬುವಂಥ ಉತ್ತರ ತೆಗೆಯಲು ಆಗುವುದಿಲ್ಲ. 5, 10, 15, 20 ಡಿಗ್ರಿ ಬೇಕು ಅಂತ ಫಾರ್ಮಿನಲ್ಲೇ ಬರೆದಿದ್ದೆ. ಯಾರೂ ಓದಿರಲಿಲ್ಲ. ಎರಡು ವಾರ ಸುಮ್ನೆ ಹೋಯಿತು, ನಿಜಕ್ಕೂ ಬೇಜಾರಾಯಿತು.

ಫೋನ್ ಮಾಡಿದ ಮೇಲೆ ಮಷೀನ್ ನೋಡಿಕೊಳ್ಳುವ ಮೇಡಂ ಸಿಕ್ಕರು. ಅಲ್ಲಿಂದ ಎಲ್ಲ ಬದಲಾಯಿತು. ಸ್ಯಾಂಪಲ್ ಪುಡಿ ಮಾಡಿ ಪ್ರತಿ ರನ್ನಿಗೂ 8 ಮಿಲಿಗ್ರಾಂ ಆಸುಪಾಸಿನಲ್ಲೇ ಇಟ್ಟರು. ದಪ್ಪ ತುಂಡಾದರೆ ಒಳಭಾಗ ತಡವಾಗಿ ಕಾಯುತ್ತದೆ, ಲೆಕ್ಕ ತಪ್ಪುತ್ತದೆ. ನಾನು ಕೇಳಿದ್ದಕ್ಕೆ ನನ್ನ ಮುಂದೆಯೇ, ತೂಕ ಎಷ್ಟು ಇಳಿಯುತ್ತದೆ ಅಂತ ಮೊದಲೇ ಗೊತ್ತಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹಾಕಿ ಮಷೀನ್ ಚೆಕ್ ಮಾಡಿದರು. ಅದು ಮೊದಲು ನೀರು, ಆಮೇಲೆ ಕಾರ್ಬನ್ ಮಾನಾಕ್ಸೈಡ್, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ತೂಕ 12.3, 19.2, 30.1 ಶೇಕಡಾ ಅಂತ ಮೂರು ಮೆಟ್ಟಿಲಲ್ಲಿ ಇಳಿಯಬೇಕು. ಸರಿಯಾಗಿಯೇ ಇಳಿಯಿತು. ಮೂಲ ಡೇಟಾ ಫೈಲ್‌ಗಳನ್ನೂ ಕೊಟ್ಟರು.

ಬೇರೆ ಬೇರೆ ವೇಗದ ಮೂಲ ಡೇಟಾ ಯಾಕೆ ಮುಖ್ಯ ಅಂದರೆ, ಆಕ್ಟಿವೇಶನ್ ಎನರ್ಜಿ ಲೆಕ್ಕ ಹಾಕುವ 1957ರ ಕಿಸಿಂಜರ್ ವಿಧಾನ ಇಡೀ ಪ್ರಕ್ರಿಯೆಗೆ ಒಂದೇ ಸಂಖ್ಯೆ ಕೊಡುತ್ತದೆ. ಒಜಾವಾ-ಫ್ಲಿನ್-ವಾಲ್ ವಿಧಾನದಲ್ಲಿ ಶೇಕಡಾ 10 ಒಡೆದಾಗ ಎಷ್ಟು, 50 ಒಡೆದಾಗ ಎಷ್ಟು ಅಂತ ಹಂತ ಹಂತವಾಗಿ ನೋಡಬಹುದು. ನನ್ನ ಸ್ಯಾಂಪಲ್‌ಗಳಲ್ಲಿ ಆ ಸಂಖ್ಯೆ ಒಂದೇ ಕಡೆ ನಿಲ್ಲಲಿಲ್ಲ, ಒಡೆಯುತ್ತಾ ಹೋದ ಹಾಗೆ ಏರಿತು. ಹೈಬ್ರಿಡ್ ಮಾಡಿದ್ದಕ್ಕೆ ಏನಾಯಿತು ಅನ್ನುವುದು ಇರುವುದೇ ಅಲ್ಲಿ ಅಲ್ವಾ?

ನೀವು ಕೊಡುವುದಾದರೆ ನೈಟ್ರೋಜನ್ ಜೊತೆಗೆ ಗಾಳಿಯಲ್ಲೂ ಒಂದು ರನ್ ಕೇಳಿ, ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ. ನೈಟ್ರೋಜನ್‌ನಲ್ಲಿ ಕರಿ ಇದ್ದಿಲು ಉಳಿಯುತ್ತದೆ. ಗಾಳಿಯಲ್ಲಿ ಅದೂ ಸುಟ್ಟು ಹೋಗಿ ಸಿಲಿಕಾ ಉಳಿಯುತ್ತದೆ, ರೆಸಿನ್‌ನೊಳಗೆ ನಿಜವಾಗಿ ಎಷ್ಟು ಸೇರಿತ್ತು ಅಂತ ಗೊತ್ತಾಗುತ್ತದೆ.

ಟೆಸ್ಟಿಗೆ 5ಕ್ಕೆ 5, ಬುಕಿಂಗ್‌ಗೆ 2. ಮುಂದಿನ ಸ್ಯಾಂಪಲ್‌ಗಳನ್ನೂ ಇಲ್ಲಿಗೇ ಕೊಡುತ್ತೇನೆ, ಆದರೆ ಮೊದಲು ಆ ಮೇಡಂಗೆ ಫೋನ್ ಮಾಡಿ.